ಹಗುರ ಗಾಲಿಯ ಭಾರ

ಮೂವತ್ತು ಕಿಲೋ ಎಂಬ ಅಂಕಿಯ ಮಹಿಮೆಯನ್ನು ಕೊಲ್ಲಿ ನಾಡುಗಳಲ್ಲಿ ಬಾಳುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಊರಿಗೆ ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆಯನ್ನು ಕೊಕ್ಕೆಯ ತಕ್ಕಡಿಗೆ ತೂಗುಹಾಕಿ, ಅರ್ಧ ಕಿಲೋ ಹೆಚ್ಚಾಯಿತೆಂದು ಖರ್ಜೂರದ ಡಬ್ಬಿಯನ್ನು ಹೊರತೆಗೆದು, ಮನಸ್ಸು ತಡೆಯದೆ ಮತ್ತೆ ಒಳಗೆ ತುರುಕಿ, ಮತ್ತೊಮ್ಮೆ ತೂಗುವ ಆ ವ್ರತವನ್ನು ನಾನು ಮೂರು ದಶಕಗಳಿಂದ ಆಚರಿಸಿಕೊಂಡು ಬಂದಿದ್ದೇನೆ. ಅದೇ ತಕ್ಕಡಿಗೆ ನನ್ನ ಮಗ 2024ರ ಡಿಸೆಂಬರಿನ ಒಂದು ಸಂಜೆ ಮೋಟಾರು ಕಾರಿನ ಗಾಲಿಯೊಂದನ್ನು ನೇತುಹಾಕಿ ನಿಂತಿದ್ದ. ಟೈರು ಕಳಚಿದ ಬರಿಯ ಅಲ್ಯೂಮಿನಿಯಂ ಗಾಲಿ. ಹದಿಮೂರು ಕಿಲೋ ಚಿಲ್ಲರೆ ತೂಗಿತು.

“ಅಮ್ಮ, ಇದನ್ನ ತೆಗೆದು ಕಾರ್ಬನ್ ಗಾಲಿ ಹಾಕಿದ್ರೆ ಒಂದೊಂದಕ್ಕೂ ಐದು ಕಿಲೋ ಕಮ್ಮಿ ಆಗುತ್ತೆ,” ಎಂದ.

“ಕಾರೇನು ವಿಮಾನ ಹತ್ತುತ್ತೇನೋ?” ಎಂದೆ.

ಅವನು ನಗಲಿಲ್ಲ. ವಿಷಯ ಗಂಭೀರವೆಂದು ಆಗಲೇ ತಿಳಿಯಿತು. ದೇಶ ಬಿಟ್ಟು ಹೊರಟಿದ್ದ ಯಾರೋ ಒಬ್ಬ, ಬಳಸಿದ ನಾಲ್ಕು ಕಾರ್ಬನ್ ಫೈಬರ್ ಗಾಲಿಗಳನ್ನು 1,600 ದಿನಾರಿಗೆ ಕೊಡಲು ಒಪ್ಪಿದ್ದನಂತೆ. ಹೊಸತಿನ ಬೆಲೆಯ ಮುಂದೆ ಅದು ಪುಕ್ಕಟೆಯೇ ಎಂದು ಮಗನ ವಾದ. ಅವನ ತಂದೆಗೆ ಮರುವರ್ಷ ನಿವೃತ್ತಿ. ನಿವೃತ್ತಿಯೊಡನೆ ನಮ್ಮಿಬ್ಬರ ವಾಸದ ಪರವಾನಗಿಯೂ ಮುಗಿಯುವುದು. ಮೈಸೂರಿನಲ್ಲಿ ಅರ್ಧ ಕಟ್ಟಿ ನಿಲ್ಲಿಸಿದ ಮನೆಯ ಮೇಲ್ಛಾವಣಿಗೆ ಮಗ ತಾನಾಗಿಯೇ ಕೊಡುವೆನೆಂದಿದ್ದ ಹಣ ಸರಿಸುಮಾರು ಅಷ್ಟೇ ಇತ್ತು. ನಾನು ಆ ಮಾತನ್ನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಎತ್ತದ ಮಾತೇ ಆ ವಾರವಿಡೀ ಸಾಲ್ಮಿಯಾದ ನಮ್ಮ ಪುಟ್ಟ ಮನೆಯಲ್ಲಿ ಓಡಾಡಿತು.

ಬಿ.ಎ. ತರಗತಿಯಲ್ಲಿ ಕನ್ನಡ, ಇತಿಹಾಸಗಳನ್ನು ಓದಿದ ಗೃಹಿಣಿಯೊಬ್ಬಳು ಗಾಲಿಯ ಬಗ್ಗೆ ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ತೋರಬಹುದು. ಸಮ್ಮೇಳನಕ್ಕೆ ಬಂದಿರುವ ಬಂಧುಗಳಲ್ಲಿ ಡೆಟ್ರಾಯಿಟ್ ಕಡೆಯ ಕಾರು ಕಾರ್ಖಾನೆಗಳಲ್ಲಿ ಹಿರಿಯ ಇಂಜಿನಿಯರುಗಳಾಗಿರುವವರೂ ಉಂಟು. ತಪ್ಪಿದ್ದರೆ ಊಟದ ಪಂಕ್ತಿಯಲ್ಲಿ ತಿದ್ದಲಿ. ನಾನು ಮಗನನ್ನು ಕೇಳಿ, ಓದಿ, ನನ್ನ ಅಳತೆಗೆ ತಕ್ಕಷ್ಟು ತಿಳಿದುಕೊಂಡದ್ದನ್ನು ಮಾತ್ರ ಹೇಳುತ್ತೇನೆ.

ಕಾರಿನ ಭಾರದಲ್ಲಿ ಎರಡು ಬಗೆ. ಸ್ಪ್ರಿಂಗುಗಳ ಮೇಲೆ ಕುಳಿತಿರುವುದು ಒಂದು, ಅವುಗಳ ಕೆಳಗೆ ನೆಲಕ್ಕೆ ಅಂಟಿಕೊಂಡು ಉರುಳುವುದು ಇನ್ನೊಂದು. ತಲೆಯ ಮೇಲೆ ತುಂಬಿದ ಬಿಂದಿಗೆ ಹೊತ್ತ ಹೆಂಗಸು ಸಿಂಬಿಯ ದಯೆಯಿಂದ ಸರಾಗವಾಗಿ ನಡೆದಾಳು. ಅದೇ ಭಾರವನ್ನು ಕಾಲ್ಗಡಗದಂತೆ ಪಾದಕ್ಕೆ ಕಟ್ಟಿದರೆ ಹತ್ತು ಹೆಜ್ಜೆಗೆ ಕುಸಿದಾಳು. ಗಾಲಿಯ ಭಾರ ಈ ಎರಡನೆಯ ಜಾತಿಯದು. ಹಳ್ಳ ಬಂದಾಗ ಭಾರವಾದ ಗಾಲಿ ಕುಪ್ಪಳಿಸುತ್ತದೆ, ನೆಲದ ಹಿಡಿತ ಬಿಡುತ್ತದೆ. ಮೇಲಾಗಿ ಅದು ತಿರುಗುವ ವಸ್ತು. ತೂಕ ಅಂಚಿನಲ್ಲಿದ್ದಷ್ಟೂ ಹೊರಡಿಸಲೂ ಕಷ್ಟ, ನಿಲ್ಲಿಸಲೂ ಕಷ್ಟ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೂಡುತ್ತಿದ್ದ ನಮ್ಮ ತಂದೆಯವರು ಮರದ ಗಾಲಿ ತೆಗೆದು ಟೈರುಗಾಡಿ ಮಾಡಿಸಿದ ಮೊದಲ ದಿನ, “ಎತ್ತುಗಳ ಕುತ್ತಿಗೆಗೆ ಜೀವ ಬಂತು ಕಣವ್ವ,” ಎಂದಿದ್ದರು. ಎತ್ತನ್ನು ಸೋಲಿಸುವುದು ದಾರಿಯಲ್ಲ, ಹೊರಡುವ ಮೊದಲ ಎಳೆತ ಎನ್ನುವುದು ಅವರ ಅನುಭವ. ಮಗನ ಲೆಕ್ಕಾಚಾರ ಅಲ್ಲಿಗೇ ಬಂದು ನಿಂತಿತು.

ಹಗುರ ಗಾಲಿಯ ಹಂಬಲ ಹೊಸದಲ್ಲ. 1970ರ ದಶಕದ ಆರಂಭದಲ್ಲೇ ಫ್ರಾನ್ಸಿನ ಸಿಟ್ರೊಯನ್ ಎಸ್.ಎಂ. ಕಾರಿಗೆ ಮಿಶೆಲಿನ್ ಸಂಸ್ಥೆ ನಾರು ಸೇರಿಸಿದ ರಾಳದ ಗಾಲಿಗಳನ್ನು ಮಾಡಿಕೊಟ್ಟಿತ್ತು. ಆದರೆ ಇಡಿಯ ಗಾಲಿಯೇ ಕಾರ್ಬನ್ ನಾರಿನದಾಗಿ, ಅಂಗಡಿಯಲ್ಲಿ ಕೊಳ್ಳುವ ಕಾರಿನ ಜೊತೆಗೇ ಬಂದದ್ದು ಇತ್ತೀಚಿನ ಮಾತು. 2015ರಲ್ಲಿ ಫೋರ್ಡ್ ಸಂಸ್ಥೆ ತನ್ನ ಮುಸ್ತಾಂಗ್ ಶೆಲ್ಬಿ ಜಿಟಿ350ಆರ್ ಕಾರಿಗೆ ಇವನ್ನು ಜೋಡಿಸಿ ಮಾರಿತು. ಮಾಡಿಕೊಟ್ಟದ್ದು ಆಸ್ಟ್ರೇಲಿಯಾದ ಜಿಲಾಂಗ್ ಪಟ್ಟಣದ ಕಾರ್ಬನ್ ರೆವಲ್ಯೂಷನ್ ಎಂಬ ಸಂಸ್ಥೆ. ಅಲ್ಯೂಮಿನಿಯಂನಲ್ಲಿ ಸುಮಾರು 15 ಕಿಲೋ ತೂಗಬೇಕಾದ ಗಾಲಿ ಕಾರ್ಬನ್ನಿನಲ್ಲಿ ಸುಮಾರು 8 ಕಿಲೋಗೆ ಇಳಿಯಿತು. 2017ರಲ್ಲಿ ಪೋರ್ಷೆ ಸಂಸ್ಥೆ ತನ್ನ 911 ಟರ್ಬೊ ಎಸ್ ಕಾರಿನ ವಿಶೇಷ ಮಾದರಿಗೆ ಹೆಣೆದ ಗಾಲಿಗಳನ್ನು ಪ್ರಕಟಿಸಿತು. ಹೆಣೆದ ಎಂಬುದನ್ನು ಅಕ್ಷರಶಃ ಓದಿಕೊಳ್ಳಬೇಕು: ಒಂಬತ್ತು ಮೀಟರ್ ವ್ಯಾಸದ ಯಂತ್ರವೊಂದು ನೂಲನ್ನು ಜಡೆಯಂತೆ ಹೆಣೆಯುತ್ತದೆ, ಒಂದು ಗಾಲಿಗೆ 18 ಕಿಲೋಮೀಟರ್ ನೂಲು ಬೇಕು. ನಾಲ್ಕು ಗಾಲಿಗಳಿಗೆ ಆಗ ಬೆಲೆ 15,000 ಯೂರೋಗೂ ಹೆಚ್ಚಿತ್ತು, ಎಂದರೆ ನಮ್ಮ ಐದು ಸಾವಿರ ದಿನಾರಿಗೂ ಮಿಗಿಲು.

ಆ ನೂಲಿನ ಕುಲಗೋತ್ರ ಕೇಳಿದಾಗ ನನಗೆ ಸೋಜಿಗವಾಯಿತು. ನಾವು ಸ್ವೆಟರ್ ಹೆಣೆಯುವ ಅಕ್ರಿಲಿಕ್ ಉಣ್ಣೆಯ ಹತ್ತಿರದ ದಾಯಾದಿ ಅದು. ಆ ಜಾತಿಯ ನೂಲನ್ನು ಮೊದಲು ಹದವಾಗಿ ಕಾಯಿಸಿ, ಬಳಿಕ ಗಾಳಿಯ ಸೋಂಕಿಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೀರಿ ಸುಟ್ಟರೆ ಉಳಿದದ್ದೆಲ್ಲ ಹೋಗಿ ಇಂಗಾಲ ಮಾತ್ರ ಉಳಿಯುತ್ತದೆ. ತಲೆಗೂದಲಿಗಿಂತ ಎಷ್ಟೋ ತೆಳುವಾದ ಆ ಎಳೆಗಳನ್ನು ರಾಳದಲ್ಲಿ ಅದ್ದಿ, ಅಚ್ಚಿನಲ್ಲಿಟ್ಟು, ಕಾಯಿಸಿ ಗಟ್ಟಿ ಮಾಡುತ್ತಾರೆ. ನಮ್ಮ ಬೆಂಗಳೂರಿಗೆ ಈ ವಿದ್ಯೆ ಹೊಸದೇನಲ್ಲ. 2001ರ ಜನವರಿ 4ರಂದು ಅಲ್ಲಿಂದಲೇ ಮೊದಲ ಬಾರಿ ಹಾರಿದ ತೇಜಸ್ ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು ನೂರಕ್ಕೆ ನಲವತ್ತೈದು ಪಾಲು ಇಂಥ ಸಂಯುಕ್ತ ವಸ್ತುಗಳೇ. ಅದರ ಬಾಲದ ರೆಕ್ಕೆಯಂಥ ಭಾಗಗಳನ್ನು ರೂಪಿಸಿದ್ದು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ. ವಿಮಾನದ ಭಾಗಗಳನ್ನು ಬೇಯಿಸುವ ಆಟೋಕ್ಲೇವ್ ಎಂಬ ಪಾತ್ರೆ ನಮ್ಮ ಪ್ರೆಷರ್ ಕುಕ್ಕರಿನ ಹಿರಿಯಣ್ಣ. ಒಳಗೆ ಒತ್ತಡ, ಒಳಗೆ ಶಾಖ. ಸೀಟಿ ಮಾತ್ರ ಇಲ್ಲ.

ಕುವೈತಿನ ಬಿಸಿಲಿಗೆ ಇದು ತಡೆದೀತೇ ಎಂಬುದು ನನ್ನ ಮೊದಲ ಶಂಕೆಯಾಗಿತ್ತು. 2016ರ ಜುಲೈ 21ರಂದು ಇಲ್ಲಿಯ ಮಿತ್ರಿಬಾದಲ್ಲಿ ದಾಖಲಾದ 53.9 ಡಿಗ್ರಿ ಉಷ್ಣತೆಯನ್ನು ವಿಶ್ವ ಹವಾಮಾನ ಸಂಸ್ಥೆಯೇ ಪರೀಕ್ಷಿಸಿ ಒಪ್ಪಿಕೊಂಡಿದೆ. ಆದರೆ ಗಾಲಿಗೆ ಶತ್ರು ಬಿಸಿಲಲ್ಲವಂತೆ, ಬ್ರೇಕು. ಓಟದ ಪಥದಲ್ಲಿ ಬ್ರೇಕಿನ ತಟ್ಟೆಗಳು 900 ಡಿಗ್ರಿಗೂ ಮಿಗಿಲಾಗಿ ಕಾಯಬಲ್ಲವು. ಆ ಝಳಕ್ಕೆ ರಾಳ ಮೆತ್ತಗಾಗದಿರಲೆಂದು ಫೋರ್ಡ್ ಗಾಲಿಗಳ ಒಳಮೈಗೆ ಸೆರಾಮಿಕ್ ಲೇಪ ಕೊಟ್ಟಿದ್ದಾರೆ. ಲೇಪ ಕಿತ್ತುಹೋದ ಹಳೆಯ ಗಾಲಿಯನ್ನು ಕಣ್ಣುಮುಚ್ಚಿ ಕೊಳ್ಳಬಾರದೆಂಬುದು ನನಗೆ ಆಗ ಹೊಳೆಯಿತು.

ಎರಡನೆಯ ಶಂಕೆ ರಸ್ತೆಯದು. 1994ರಲ್ಲಿ ಮದುವೆಯಾಗಿ ನಾನು ಇಲ್ಲಿಗೆ ಬಂದಾಗ ಯುದ್ಧದ ಗುರುತುಗಳು ಇನ್ನೂ ಅಲ್ಲಲ್ಲಿ ಉಳಿದಿದ್ದರೂ ರಸ್ತೆಗಳು ಮಾತ್ರ ಕನ್ನಡಿಯಂತಿದ್ದವು. 2018ರ ನವೆಂಬರಿನ ಮಹಾಮಳೆಯನ್ನು ಇಲ್ಲಿದ್ದವರಾರೂ ಮರೆತಿರಲಾರರು. ಲೋಕೋಪಯೋಗಿ ಸಚಿವರು ರಾಜೀನಾಮೆ ಕೊಟ್ಟರು. ಡಾಂಬರಿನಿಂದ ಎದ್ದ ಜಲ್ಲಿ ವರ್ಷಗಟ್ಟಲೆ ಕಾರುಗಳ ಗಾಜಿಗೆ ಸಿಡಿಯುತ್ತಲೇ ಇತ್ತು. ಗಾಜು ಒಡೆದರೆ ಕಾಣುತ್ತದೆ. ಗಾಲಿಗೆ ಒಳಗೆ ಪೆಟ್ಟು ಬಿದ್ದರೆ?

ಈ ಪ್ರಶ್ನೆಯನ್ನೇ ಹಿಡಿದು, ಕೊಳ್ಳುವ ಮುನ್ನ ಒಬ್ಬ ಬಲ್ಲವರಿಗೆ ತೋರಿಸಬೇಕೆಂದು ಹಟ ಮಾಡಿದೆ. ಶುವೈಖ್ ಕೈಗಾರಿಕಾ ಪ್ರದೇಶದ ಗ್ಯಾರೇಜುಗಳ ಸಾಲಿನಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರು ಬಹುಕಾಲದಿಂದ ಗಾಲಿ, ಟೈರುಗಳ ಕೆಲಸ ಮಾಡಿಕೊಂಡಿದ್ದಾರೆ. ಮಾರುವವನು ನಾಲ್ಕೂ ಗಾಲಿಗಳನ್ನು ಹೊತ್ತು ಅಲ್ಲಿಗೇ ಬಂದ. ನೋಡಲು ಏನು ಚೆಲುವು! ಕಪ್ಪು ರೇಷ್ಮೆಯ ನೇಯ್ಗೆಯ ಮೇಲೆ ಗಾಜು ಎರಕ ಹೊಯ್ದಂತೆ. ಒಂದನ್ನು ನಾನೇ ಎತ್ತಿದೆ, ದೋಸೆಹಿಟ್ಟಿನ ದೊಡ್ಡ ಪಾತ್ರೆಗಿಂತ ಭಾರವಿರಲಿಲ್ಲ. ಮಗನ ಕಣ್ಣುಗಳನ್ನು ನೋಡಿ ನನಗೆ, ನಿಜ ಹೇಳುತ್ತೇನೆ, ಕೊಡಿಸಿಬಿಡೋಣ ಎನ್ನಿಸಿತು.

ಆ ಹಿರಿಯರು ಜೇಬಿನಿಂದ ನೂರು ಫಿಲ್ಸಿನ ನಾಣ್ಯ ತೆಗೆದರು. ಗಾಲಿಯನ್ನು ಮೆತ್ತನೆಯ ಬಟ್ಟೆಯ ಮೇಲೆ ನಿಲ್ಲಿಸಿ, ಒಳಮೈಯ ಸುತ್ತ ಅಂಗುಲ ಅಂಗುಲಕ್ಕೂ ನಾಣ್ಯದಿಂದ ತಟ್ಟತೊಡಗಿದರು. ಟಣ್, ಟಣ್, ಟಣ್. ಮಗ ಮುಖ ಸಿಂಡರಿಸಿದ. ನನಗೆ ಮಾತ್ರ ಮಂಡ್ಯದ ಸಂತೆ ಕಣ್ಮುಂದೆ ಬಂತು. ಕುಂಬಾರರ ಮುಂದೆ ಕುಕ್ಕರುಗಾಲಲ್ಲಿ ಕುಳಿತ ಅಮ್ಮ ಒಂದೊಂದೇ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಬೇಡವಾದುದನ್ನು ಮಾತಿಲ್ಲದೆ ಪಕ್ಕಕ್ಕಿಡುತ್ತಿದ್ದಳು. ಬಿರುಕು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳುತ್ತದೆ. ಮೊದಲ ಗಾಲಿ, ಎರಡನೆಯದು ಸುತ್ತಲೂ ಒಂದೇ ಸ್ವರ. ಮೂರನೆಯದರ ಒಳ ಅಂಚಿನ ಬಳಿ, ಅಂಗೈಯಗಲದ ಜಾಗದಲ್ಲಿ, ಸ್ವರ ಇದ್ದಕ್ಕಿದ್ದಂತೆ ಸತ್ತುಹೋಯಿತು. ಟಪ್. ನಾನು ತಲೆಯೆತ್ತಿದೆ. ಅವರೂ ನನ್ನತ್ತ ನೋಡಿದರು.

“ಅಲ್ಯೂಮಿನಿಯಂ ಪಾಪದ್ದು ಅಮ್ಮ,” ಎಂದರು. “ಪೆಟ್ಟಾದರೆ ಸಾಮಾನ್ಯವಾಗಿ ಬಗ್ಗಿ ತೋರಿಸ್ತದೆ. ಇದು ಹಾಗಲ್ಲ. ಒಳಗಿನ ಪದರ ಬಿಟ್ಟಿದ್ದರೂ ಹೊರಗೆ ನಗ್ತಾ ಇರ್ತದೆ.”

ಮಾರುವವನು ಸಿಟ್ಟಾದ. ಒಂದು ಸದ್ದಿನಿಂದ ಏನು ಸಿದ್ಧವಾಗುತ್ತದೆ ಎಂದ. ಅವನ ಮಾತಿನಲ್ಲಿ ಅರ್ಧ ನ್ಯಾಯವಿತ್ತು. ಹಿರಿಯರೂ ಅದನ್ನು ಒಪ್ಪಿದರು: ಒಳಗೆ ದಪ್ಪ ಬದಲಾಗುವ ಜಾಗದಲ್ಲೂ ಸದ್ದು ಬದಲಾದೀತು, ನಿಶ್ಚಯವಾಗಿ ಹೇಳಬೇಕಾದರೆ ಶ್ರವಣಾತೀತ ಧ್ವನಿಯಿಂದ, ನಮ್ಮ ಬಸುರಿಯರಿಗೆ ಮಾಡುವ ಸ್ಕ್ಯಾನಿನಂತೆ, ಪರೀಕ್ಷಿಸಬೇಕು, ಇಲ್ಲವೇ ತಯಾರಿಸಿದವರಿಗೇ ಕಳಿಸಬೇಕು. ಅದಕ್ಕೆ ಅವನು ಸಿದ್ಧನಿರಲಿಲ್ಲ; ಅವನ ವಿಮಾನ ನಾಲ್ಕು ದಿನದಲ್ಲಿತ್ತು. ದುರಸ್ತಿ ಮಾಡಿಕೊಡುವಿರಾ ಎಂದು ಮಗ ಕೇಳಿದ. ಬಗ್ಗಿದ ಲೋಹದ ಗಾಲಿಯನ್ನು ಕಾಯಿಸಿ ನೇರ ಮಾಡುವಂತೆ ಇದನ್ನು ಮಾಡಲಾಗದು, ಬಣ್ಣದ ಪುಡಿ ಬೇಯಿಸುವ ಒಲೆಯಲ್ಲಿಟ್ಟರೆ ರಾಳವೇ ಕೆಡುತ್ತದೆ ಎಂದು ಅವರು ಕೈ ಮುಗಿದರು. ನೋಡಿದ್ದಕ್ಕೆ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ.

ಹೊಸ ಗಾಲಿಗಳನ್ನು ನಾನು ದೂರುತ್ತಿಲ್ಲ. ಕಾರು ತಯಾರಿಸುವವರೇ ಗುಂಡಿಗೆ ಕೆಡವಿ, ಕಟ್ಟೆಗೆ ಗುದ್ದಿಸಿ ಪರೀಕ್ಷಿಸಿ ಕೊಟ್ಟ ವಸ್ತು ಬೇರೆ. ಯಾರದೋ ಕೈಯಲ್ಲಿ ಎಷ್ಟು ಗುಂಡಿ ಕಂಡಿತೋ ತಿಳಿಯದ ಹಳೆಯ ಗಾಲಿ ಬೇರೆ. ಹತ್ತಿ ಕುಳಿತವರ ಜೀವ ನಾಲ್ಕು ಅಂಗೈಯಗಲ ರಬ್ಬರಿನ ಮೇಲಿರುವಾಗ ಅಗ್ಗವೆಂಬ ಮಾತಿಗೆ ಅರ್ಥ ಹುಡುಕಬೇಕಾಗುತ್ತದೆ.

ಹಿಂದಿರುಗುವ ದಾರಿಯುದ್ದಕ್ಕೂ ಮಗ ಮಾತಾಡಲಿಲ್ಲ. ಮೂರು ದಿನ ಊಟಕ್ಕೂ ತಡವಾಗಿ ಬಂದ. ನಾಲ್ಕನೆಯ ದಿನ, “ಅಮ್ಮ, ಛಾವಣಿಗೆ ದುಡ್ಡು ಕಳಿಸಿದ್ದೀನಿ, ಅಪ್ಪಂಗೆ ಹೇಳು,” ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದ. ಬೇಸಿಗೆಗೆ ಮುಂಚೆ ಒತ್ತು ಎರಕದ ಅಲ್ಯೂಮಿನಿಯಂ ಗಾಲಿಗಳನ್ನು, ಹೊಸವನ್ನೇ, ಕಂತಿನಲ್ಲಿ ಕೊಂಡ. ನನ್ನ ತಕ್ಕಡಿ ಮತ್ತೆ ಹೊರಬಂತು: ಹತ್ತು ಕಿಲೋ ಮುನ್ನೂರು ಗ್ರಾಂ. ಮೂರು ಕಿಲೋ ಉಳಿಯಿತು ಎಂದು ಹಿಗ್ಗಿದ. ನಾನೂ ನಾಣ್ಯ ತೆಗೆದು ತಟ್ಟಿ ನೋಡಿದೆ. ಲೋಹಕ್ಕೆ ಅದು ಬೇಕಿಲ್ಲಮ್ಮ ಎಂದು ನಕ್ಕ.

ಆ ನಾಲ್ಕು ಕಪ್ಪು ಗಾಲಿಗಳು ಮರುದಿನವೇ ಮಾರಾಟವಾದುವೆಂದು ಆಮೇಲೆ ತಿಳಿಯಿತು. ಕೊಂಡವರು ಯಾರೆಂದು ಮಗನಿಗೂ ಗೊತ್ತಿಲ್ಲ. ಸಂಜೆ ಕಡಲ ದಂಡೆಯ ಗಲ್ಫ್ ರಸ್ತೆಯಲ್ಲಿ ನಾವಿಬ್ಬರೂ ತಿರುಗಾಡುವಾಗ, ಪಕ್ಕದಲ್ಲಿ ಗರ್ಜಿಸುತ್ತ ಸಾಗುವ ಕಾರುಗಳ ಗಾಲಿಯತ್ತ ನನ್ನ ಕಣ್ಣು ತಾನಾಗಿಯೇ ಹೊರಳುತ್ತದೆ. ಕಪ್ಪಗೆ ಹೊಳೆಯುವುದು ಕಂಡರೆ ಅದು ತಿರುವು ದಾಟುವವರೆಗೂ ನಿಂತು ನೋಡುತ್ತೇನೆ. “ಏನೇ ಅದು?” ಎಂದು ನಮ್ಮವರು ಕೇಳುತ್ತಾರೆ. ಮೂರನೆಯ ಗಾಲಿ ಎನ್ನುತ್ತೇನೆ.