ಇನ್ನೊಬ್ಬ ನ್ಯೂಟನ್

ನ್ಯೂಟನ್ ಎಂದೊಡನೆ ವಿದ್ಯಾರ್ಥಿಗಳಿಗೆ ನೆನಪಾಗುವುದು ಸೇಬಿನ ಹಣ್ಣು, ಚಲನೆಯ ಮೂರು ನಿಯಮಗಳು. ಅದೇ ಇಂಗ್ಲೆಂಡಿನಲ್ಲಿ 1725ರಲ್ಲಿ ಹುಟ್ಟಿದ ಇನ್ನೊಬ್ಬ ನ್ಯೂಟನ್ ಇದ್ದ. ಹೆಸರು ಜಾನ್. ‘ಅಮೇಜಿಂಗ್ ಗ್ರೇಸ್’ ಎಂಬ ಜಗತ್ಪ್ರಸಿದ್ಧ ಕ್ರೈಸ್ತ ಗೀತೆಯನ್ನು ರಚಿಸಿದವನು ಇವನೇ.

ಜಾನ್ ಹನ್ನೊಂದನೆಯ ವಯಸ್ಸಿಗೇ ತಂದೆಯೊಡನೆ ಹಡಗು ಹತ್ತಿದವನು. ಬಾಯಿ ತೆರೆದರೆ ಬಯ್ಗುಳ, ದೇವರೆಂದರೆ ಕುಚೋದ್ಯ. ಮುಂದೆ ಆಫ್ರಿಕಾದ ಗುಲಾಮರ ವ್ಯಾಪಾರಕ್ಕೂ ಇಳಿದ. 1748ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ ಅವನಿದ್ದ ಹಡಗಿನೊಳಗೆ ನೀರು ನುಗ್ಗಿತು. ಗಂಟೆಗಟ್ಟಲೆ ಪಂಪು ಒತ್ತುತ್ತ, ಪ್ರಾಣಭಯದಲ್ಲಿ ದೇವರ ಕರುಣೆ ಬೇಡಿದ. ಬದುಕುಳಿದ. ಆ ದಿನವನ್ನು ಕೊನೆಯವರೆಗೂ ಸ್ಮರಿಸಿದ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಜಾನ್ ಬಯ್ಗುಳ ಬಿಟ್ಟ, ಬೈಬಲ್ ಓದತೊಡಗಿದ, ನಿಜ. ಆದರೆ 1750ರಿಂದ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿ ಮೂರು ಯಾನ ಮಾಡಿದ. ಮೇಲೆ ಪ್ರಾರ್ಥನೆ, ಕೆಳಗೆ ಸಂಕೋಲೆಯಲ್ಲಿ ಮನುಷ್ಯರು! ಹಡಗು ಬಿಟ್ಟದ್ದೂ ಪಶ್ಚಾತ್ತಾಪದಿಂದಲ್ಲ, ಅನಾರೋಗ್ಯದಿಂದ. ಆ ಕಾಲದಲ್ಲಿ ಅದು ಮರ್ಯಾದಸ್ಥರ ಉದ್ಯೋಗ. ಎಲ್ಲರೂ ಮಾಡುವ ತಪ್ಪು ಯಾರ ಕಣ್ಣಿಗೂ ತಪ್ಪಾಗಿ ಕಾಣುವುದಿಲ್ಲ.

1764ರಲ್ಲಿ ಪಾದ್ರಿಯಾದ. ಬಿರುಗಾಳಿ ಕಳೆದು ನಲವತ್ತು ವರ್ಷಗಳಾದ ಮೇಲೆ, 1788ರಲ್ಲಿ, ಆ ವ್ಯಾಪಾರದ ಕ್ರೌರ್ಯವನ್ನೂ ಅದರಲ್ಲಿ ತನ್ನ ಪಾಲನ್ನೂ ಒಪ್ಪಿಕೊಂಡು ಕಿರುಪುಸ್ತಕ ಪ್ರಕಟಿಸಿದ. ತನ್ನ ತಪ್ಪೊಪ್ಪಿಗೆ ಬಹಳ ತಡವಾಯಿತೆಂದೂ ಬರೆದ. ಸಂಸತ್ತಿನ ವಿಚಾರಣೆಯಲ್ಲಿ ಸಾಕ್ಷಿ ನುಡಿದ. 1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾನ್ ತೀರಿಕೊಂಡ.

ಪಾಪದಿಂದ ಬಿಡುಗಡೆ ನಾವು ದುಡಿದು ಪಡೆಯುವ ಕೂಲಿಯಲ್ಲ, ದೇವರ ಕೃಪೆ ಎನ್ನುತ್ತದೆ ಕ್ರೈಸ್ತ ಬೋಧನೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಸಂತ ಪೌಲನು ಒತ್ತಿ ಹೇಳುವುದು ಇದನ್ನೇ. ಕೃಪೆ ಇದೆಯೆಂದು ಪಾಪದಲ್ಲೇ ಮುಂದುವರಿಯಬಹುದೇ ಎಂದು ಕೇಳಿ, ಕೂಡದು ಎಂದು ಉತ್ತರಿಸುವವನೂ ಅವನೇ. ಕ್ಷಮೆ ಒಂದು ಗಳಿಗೆಯಲ್ಲಿ ದೊರೆಯಬಹುದು. ಬದುಕು ಶುದ್ಧವಾಗಲು ಆಯುಷ್ಯವೇ ಬೇಕು.

ವಿಜ್ಞಾನದ ಮೇಷ್ಟ್ರಾದ ನನಗೆ ಇಲ್ಲಿ ಮೊದಲ ನ್ಯೂಟನ್ನನ ಜಡತ್ವ ನೆನಪಾಗುತ್ತದೆ. ಚುಕ್ಕಾಣಿ ತಿರುಗಿಸಿದೊಡನೆ ಭಾರವಾದ ಹಡಗು ತಿರುಗಿಬಿಡುವುದಿಲ್ಲ. ಹಳೆಯ ದಿಕ್ಕಿನಲ್ಲೇ ಬಹುದೂರ ಸಾಗುತ್ತದೆ. ಆದರೂ ಚುಕ್ಕಾಣಿಯ ಹಿಡಿತ ಸಡಿಲಿಸಬಾರದು.

ಪೋಷಕರೇ, ಇನ್ನು ಸುಳ್ಳು ಹೇಳುವುದಿಲ್ಲ ಎಂದ ಮಗ ಮರುವಾರವೇ ಎಡವಿದರೆ ‘ನಾಯಿ ಬಾಲ ಡೊಂಕು’ ಎಂದು ಕೈಬಿಡಬೇಡಿ. ಮಕ್ಕಳೇ, ನೀವು ಮಾತ್ರ ಬದಲಾವಣೆಯನ್ನು ನಾಳೆಗೆ ಮುಂದೂಡಬೇಡಿ. ಜಾನ್ ತಡಮಾಡಿದ್ದಕ್ಕೆ ಬೆಲೆ ತೆತ್ತವನು ಅವನಲ್ಲ, ಅವನ ಹಡಗಿನ ಸಂಕೋಲೆಯಲ್ಲಿದ್ದವರು.