ಚಿನ್ನದ ಗಣಿಯೂ ಬೀಳುವ ಕಲ್ಲೂ

ಶ್ರೀನಿವಾಸಪುರದ ತೋಪಿನಲ್ಲಿ ಮಾವಿನ ಹಣ್ಣೊಂದು ತೊಟ್ಟು ಕಳಚಿ ಬೀಳುತ್ತದೆ. ಮುಳಬಾಗಿಲಿನ ಕಡೆಯ ಹುಡುಗನೊಬ್ಬ ಹಾಳುಬಾವಿಯೊಳಕ್ಕೆ ಕಲ್ಲು ಬಿಟ್ಟು ‘ಒಂದು, ಎರಡು’ ಎಂದು ಎಣಿಸುತ್ತಾನೆ. ಹಣ್ಣಿಗೂ ಕಲ್ಲಿಗೂ ನಿಯಮ ಒಂದೇ. ಬೀಳುವ ವಸ್ತುವು ಮೊದಲ ಸೆಕೆಂಡಿನಲ್ಲಿ 16 ಅಡಿ, ಎರಡನೆಯದರಲ್ಲಿ 48 ಅಡಿ, ಮೂರನೆಯದರಲ್ಲಿ 80 ಅಡಿ ಇಳಿಯುತ್ತದೆ. ಒಂದು, ಮೂರು, ಐದು ಎಂಬ ಬೆಸಸಂಖ್ಯೆಗಳ ಸಾಲಲ್ಲವೆ ಇದು? ಇಟಲಿಯ ಗೆಲಿಲಿಯೋ ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ ಈ ಸಾಲನ್ನು ಕಂಡುಕೊಂಡನು; 1638ರಲ್ಲಿ ಅದು ಪುಸ್ತಕವಾಗಿ ಪ್ರಕಟವಾಯಿತು.

ಬೀಳುವ ಕಲ್ಲಿನ ವೇಗ ಪ್ರತಿ ಸೆಕೆಂಡಿಗೂ 32 ಅಡಿಯಷ್ಟು ಏರುತ್ತದೆ. ಸಮಾನ ಕಾಲಾವಧಿಗಳಲ್ಲಿ ವೇಗವು ಹೀಗೆ ಸಮನಾಗಿ ಏರುವುದನ್ನೇ ಏಕರೂಪ ವೇಗೋತ್ಕರ್ಷ ಎನ್ನುತ್ತಾರೆ. ವಿದ್ಯಾರ್ಥಿಗಳು ತೊಡಕಿಗೆ ಸಿಲುಕುವುದು ಇಲ್ಲಿಯೇ. ಮೊದಲ ಸೆಕೆಂಡಿನ ಕೊನೆಗೆ ವೇಗ 32 ಅಡಿಯಾಗಿದ್ದರೆ ಕಲ್ಲು ಇಳಿದದ್ದು 16 ಅಡಿ ಮಾತ್ರವೇಕೆ? ಅದು ಹೊರಟದ್ದು ಸೊನ್ನೆಯಿಂದ. ಸೊನ್ನೆಗೂ 32ಕ್ಕೂ ನಡುವಣ ಸರಾಸರಿ 16. ಗುಟ್ಟು ಇಷ್ಟೇ.

ಈ ಲೆಕ್ಕಕ್ಕೆ ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಪಾಠಶಾಲೆ ಬೇರೆಲ್ಲಿ? ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳ 10,000 ಅಡಿಯನ್ನೂ ಮೀರಿತ್ತು. ಅಷ್ಟು ಕೆಳಕ್ಕೆ ಹಂತಹಂತವಾಗಿ ಇಳಿಯಬೇಕಾಗಿತ್ತು. ಆದರೂ ಅಷ್ಟು ಆಳದ ಒಂದೇ ನೆಟ್ಟನೆಯ ಬಾವಿಯಿದೆ, ಅದರಲ್ಲಿ ಗಾಳಿಯೇ ಇಲ್ಲವೆಂದು ಭಾವಿಸೋಣ. ಕಲ್ಲು ತಳ ಮುಟ್ಟಲು 25 ಸೆಕೆಂಡು ಸಾಕು. ಆಗ ಅದರ ವೇಗ ಸೆಕೆಂಡಿಗೆ 800 ಅಡಿ! ವಾಸ್ತವದಲ್ಲಿ ಗಾಳಿ ತಡೆಯೊಡ್ಡಿ ವೇಗ ಇಷ್ಟು ಬೆಳೆಯಲು ಬಿಡದು. ಇನ್ನೊಂದು ವಿಚಿತ್ರವುಂಟು. ಭೂಮಿ ತಿರುಗುವುದರಿಂದ ಆ ಕಲ್ಲು ತಳ ಸೇರುವಷ್ಟರಲ್ಲಿ ಸುಮಾರು 12 ಅಡಿ ಪೂರ್ವಕ್ಕೆ ಸರಿದಿರಬೇಕು. ಎಂದರೆ ತಳ ಕಾಣುವ ಮೊದಲೇ ಅದು ಬಾವಿಯ ಗೋಡೆಗೆ ಬಡಿದೀತು.

ಕಲ್ಲಿನ ಮಾತು ಹಾಗಿರಲಿ; ಮನುಷ್ಯರನ್ನು ಹೊತ್ತು ಇಳಿಯುವ ಕೇಜಿಗೆ ಆ ಸ್ವಾತಂತ್ರ್ಯವಿಲ್ಲ. ಉಕ್ಕಿನ ಹಗ್ಗಕ್ಕೆ ತೂಗಿಬಿದ್ದ ಕೇಜು ಮೊದಲು ಮೆಲ್ಲನೆ ವೇಗ ಪಡೆದು, ಅನಂತರ ಒಂದೇ ವೇಗದಲ್ಲಿ ಸಾಗಿ, ಕೊನೆಗೆ ಮೆಲ್ಲನೆ ನಿಲ್ಲಬೇಕು. ವೇಗವನ್ನು ಸೆಕೆಂಡಿಗೆ 3 ಅಡಿಯಂತೆ ತಗ್ಗಿಸುವುದಾದರೆ, 30 ಅಡಿ ವೇಗದ ಕೇಜು ನಿಲ್ಲಲು 10 ಸೆಕೆಂಡು, 150 ಅಡಿ ದೂರ ಬೇಕು. ವೇಗ 60 ಅಡಿಯಾದರೆ? 300 ಅಡಿ ಎಂದು ಅವಸರದಿಂದ ಹೇಳುವವರೇ ಹೆಚ್ಚು. ಬೇಕಾದುದು 600 ಅಡಿ. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಮಡಿ! ಮೇಲಕ್ಕೆ ಬರುವ ಕೇಜನ್ನು ತಡೆಯಲು ತಡವಾದರೆ ಅದು ಬಾವಿಯ ಬಾಯನ್ನು ದಾಟಿ ಮೇಲಣ ಗಾಲಿಗೋಪುರಕ್ಕೆ ಅಪ್ಪಳಿಸುತ್ತದೆ. ಆದುದರಿಂದಲೇ ಯಂತ್ರಚಾಲಕನ ಕಣ್ಣು ಆಳ ತೋರಿಸುವ ಮುಳ್ಳಿನ ಮೇಲೆ, ಕಿವಿ ಗಂಟೆಯ ಸಂಜ್ಞೆಯ ಮೇಲೆ, ಕೈ ಬ್ರೇಕಿನ ಮೇಲೆ.

ಒಳಗೆ ನಿಂತವರಿಗೆ ವೇಗ ತಿಳಿಯದು. ವೇಗದ ಬದಲಾವಣೆ ಮಾತ್ರ ತಿಳಿಯುತ್ತದೆ. ಕೇಜು ಕೆಳಕ್ಕೆ ಹೊರಟಾಗ ಮೈ ಹಗುರ. ನಡುದಾರಿಯಲ್ಲಿ ಎಂದಿನ ತೂಕ. ಕೆಳಗೆ ನಿಲ್ಲತೊಡಗಿದಾಗ ಕಾಲುಗಳು ಭಾರ. 2001ರ ಫೆಬ್ರವರಿ 28ರಂದು ಆ ಗಣಿ ಮುಚ್ಚುವವರೆಗೆ, ಪುಸ್ತಕದ ಹೆಸರೇ ಕೇಳದ ಸಾವಿರಾರು ಕಾರ್ಮಿಕರು ಈ ಪಾಠವನ್ನು ಪಾಳಿಗೆರಡು ಬಾರಿ, ಇಳಿಯುತ್ತಲೂ ಏರುತ್ತಲೂ, ತಮ್ಮ ಮೊಣಕಾಲುಗಳಲ್ಲಿಯೇ ಓದಿದರು.