ಸಿರಿಯ ಹೊಸ ಬೆಳಕು

ಆಪಲ್ ಸಂಸ್ಥೆಯ ಐಫೋನಿನಲ್ಲಿ ಸಿರಿ ಎಂಬ ಸಹಾಯಕವನ್ನು ಕರೆದಾಗ, 2020ರ ಆವೃತ್ತಿಯಿಂದೀಚೆಗೆ ತೆರೆಯ ಕೆಳಭಾಗದಲ್ಲಿ ಬಣ್ಣದ ಗೋಳವೊಂದು ಮೂಡುತ್ತಿದ್ದಿತು. 2024ರ ಅಕ್ಟೋಬರಿನ ಐಒಎಸ್ 18.1 ಆವೃತ್ತಿಯಲ್ಲಿ ಅದಕ್ಕೆ ಬದಲಾಗಿ ತೆರೆಯ ಅಂಚಿನ ಸುತ್ತಲೂ ಬೆಳಕು ಹರಿಯತೊಡಗಿತು. ಇದು ಬಂದಿದೆಯೆ ಎಂದು ನಾವು ಪರೀಕ್ಷಿಸುವುದು ಹೇಗೆ?

ಮೊದಲು ಸೆಟ್ಟಿಂಗ್ಸಿನಲ್ಲಿ ಆವೃತ್ತಿಯ ಅಂಕಿಯನ್ನು ನೋಡಬೇಕು. ಆದರೆ ಅಂಕಿಯೊಂದೇ ಸಾಲದು. ಈ ಬೆಳಕು ಆಪಲ್ ಇಂಟೆಲಿಜೆನ್ಸ್ ವ್ಯವಸ್ಥೆಗೆ ಸೇರಿದುದು; ಅದನ್ನು ಚಾಲನೆಗೊಳಿಸಿರಬೇಕು. ಅದರ ಭಾಷಾ ಮಾದರಿಯೊಂದು ಫೋನಿನೊಳಗೇ ಕೆಲಸಮಾಡುವುದರಿಂದ ವಿಶಾಲವಾದ ಸ್ಮೃತಿಕೋಶವೂ ಅವಶ್ಯಕ. ಆದುದರಿಂದಲೇ 8 ಗಿಗಾಬೈಟ್ ಸ್ಮೃತಿಯುಳ್ಳ ಐಫೋನ್ 15 ಪ್ರೊದಲ್ಲಿ ಬೆಳಕು ಕಾಣುವುದು. 6 ಗಿಗಾಬೈಟಿನ ಐಫೋನ್ 15ರಲ್ಲಿ ಹಳೆಯ ಗೋಳವೇ ಉಳಿಯಿತು.

ಬೆಳಕು ಕಂಡಮಾತ್ರಕ್ಕೆ ಬುದ್ಧಿ ಬೆಳೆಯಿತೆನ್ನಲಾಗದು. ಸಿರಿಗೆ ಬರಲಿವೆಯೆಂದು ಸಾರಿದ್ದ ಮುಖ್ಯ ಸಾಮರ್ಥ್ಯಗಳನ್ನು ಆಪಲ್ 2025ರ ಮಾರ್ಚಿನಲ್ಲಿ ಮುಂದೂಡಿತು. ಬುದ್ಧಿಯನ್ನು ನಾವು ಪ್ರಶ್ನೆ ಕೇಳಿಯೇ ಅಳೆಯಬೇಕು.